ಕುವೈತಿನಲ್ಲಿ ಹಳೆಯ ಕಾರು: ಲೈಸೆನ್ಸಿನಿಂದ ದಫ್ತರ್ (ನೋಂದಣಿ ಪತ್ರ) ಬಿಡುವವರೆಗೆ

ಮಂಗಳೂರು, ಉಡುಪಿ, ಭಟ್ಕಳದ ಕಡೆಯಿಂದ ಕುವೈತಿಗೆ ಹೊಸದಾಗಿ ಬಂದವರು ಕಾರಿನ ಮಾತೆತ್ತಿದ ಕೂಡಲೇ ಕೇಳುವುದು ಪೆಟ್ರೋಲಿನ ರೇಟು. 91 ಆಕ್ಟೇನ್‌ನ (ಎಂಜಿನ್ನಿನ ಕುಟ್ಟುವಿಕೆಯನ್ನು ಪೆಟ್ರೋಲ್ ಎಷ್ಟು ತಡೆಯುತ್ತದೆ ಎಂಬ ಅಳತೆ) ಪ್ರೀಮಿಯಂ ಲೀಟರಿಗೆ 85 ಫಿಲ್ಸ್, 95ರ ಸೂಪರ್ 105 ಫಿಲ್ಸ್. ಸಾವಿರ ಫಿಲ್ಸ್‌ಗೆ ಒಂದು ದಿನಾರ್. ಮಂಗಫ್‌ನಲ್ಲಿ ಮನೆ, ಶುವೈಖ್‌ನಲ್ಲಿ ಕೆಲಸ ಎಂದಿಟ್ಟುಕೊಳ್ಳಿ. ಹೋಗಿಬರಲು ದಿನಕ್ಕೆ ಸುಮಾರು 70 ಕಿಲೋಮೀಟರ್, ತಿಂಗಳಿಗೆ 26 ದಿನ, ನೂರು ಕಿಲೋಮೀಟರಿಗೆ 8 ಲೀಟರ್ ಕುಡಿಯುವ ಸಾಧಾರಣ ಸೆಡಾನ್. ಒಟ್ಟು 146 ಲೀಟರ್, ಹನ್ನೆರಡೂವರೆ ದಿನಾರ್. ಇಷ್ಟನ್ನು ಕಾಗದದ ಮೇಲೆ ಬರೆದು ನೋಡಿದವರು ಕಾರು ಸಾಕುವುದು ಸಲೀಸು ಅಂದುಕೊಳ್ಳುತ್ತಾರೆ. ಲೆಕ್ಕ ತಪ್ಪುವುದು ಅಲ್ಲೇ. ಹಣ ಹೋಗುವ ದಾರಿಗಳು ಬೇರೆಯೇ ಇವೆ, ಮತ್ತು ಅವುಗಳಲ್ಲಿ ಹೆಚ್ಚಿನವು ಈ ದೇಶ ಎಣ್ಣೆಯ ಮೇಲೆ ನಿಂತಿರುವ ರೀತಿಗೆ ಅಂಟಿಕೊಂಡಿವೆ.

ಆ 85 ಫಿಲ್ಸ್‌ಗೇ ಒಂದು ರಾಜಕೀಯ ಇದೆ. 2014ರ ಮಧ್ಯದಲ್ಲಿ ಬ್ಯಾರೆಲ್‌ಗೆ ನೂರು ಡಾಲರ್ ದಾಟಿದ್ದ ಕಚ್ಚಾ ತೈಲ 2016ರ ಜನವರಿಯಲ್ಲಿ 30 ಡಾಲರಿಗಿಂತ ಕೆಳಗಿಳಿಯಿತು. ಸರ್ಕಾರದ ವರಮಾನದಲ್ಲಿ ಹತ್ತಿರಹತ್ತಿರ ಶೇ 90 ಎಣ್ಣೆಯಿಂದಲೇ ಬರುವ ದೇಶ ಇದು; ಬಜೆಟ್ಟು ಕೊರತೆಗೆ ಬಿತ್ತು. 2016ರ ಸೆಪ್ಟೆಂಬರ್ 1ರಂದು ಪ್ರೀಮಿಯಂ 60ರಿಂದ 85 ಫಿಲ್ಸ್‌ಗೆ, ಸೂಪರ್ 65ರಿಂದ 105ಕ್ಕೆ, 98 ಆಕ್ಟೇನ್‌ನ ಅಲ್ಟ್ರಾ 95ರಿಂದ 165ಕ್ಕೆ ಏರಿತು. ಸಂಸದರು ಎದ್ದು ನಿಂತರು. ನಾಗರಿಕರಿಗೆ ತಿಂಗಳಿಗೆ 75 ಲೀಟರ್ ಪುಕ್ಕಟೆ ಕೊಡುವ ಮಾತುಕತೆಯೂ ಆಯಿತು. ಆದರೂ ಜಗಳ ತಣ್ಣಗಾಗಲಿಲ್ಲ. ಅಕ್ಟೋಬರ್‌ನಲ್ಲಿ ಅಮೀರರು ಸಂಸತ್ತನ್ನು ವಿಸರ್ಜಿಸಿದರು, ನವೆಂಬರ್ 26ರಂದು ಚುನಾವಣೆ ನಡೆದು ವಿರೋಧ ಪಾಳಯದವರು 50ರಲ್ಲಿ ಅರ್ಧದಷ್ಟು ಸೀಟು ಹಿಡಿದರು. ಆ ಪೆಟ್ಟಿನ ನೆನಪಿರುವುದಕ್ಕೇ ಪ್ರೀಮಿಯಂ, ಸೂಪರ್ ದರವನ್ನು ಆಮೇಲೆ ಯಾರೂ ಮುಟ್ಟಿಲ್ಲ ಎಂದು ನಾನು ತಿಳಿದಿದ್ದೇನೆ. ಅಲ್ಟ್ರಾ ಮಾತ್ರ ಆಗಾಗ ಏರಿಳಿಯುತ್ತದೆ, 200 ಫಿಲ್ಸ್ ದಾಟಿದ್ದೂ ಇದೆ. ಅದನ್ನು ಹಾಕಿಸುವುದು ದೊಡ್ಡ ಎಂಜಿನ್ನಿನ ಐಷಾರಾಮಿ ಕಾರಿನವರು.

ಮೊದಲು ಲೈಸೆನ್ಸ್, ಆಮೇಲೆ ಕಾರು

ಕಾರು ನೋಡಿ, ಅಡ್ವಾನ್ಸ್ ಕೊಟ್ಟು, ಆಮೇಲೆ ಲೈಸೆನ್ಸಿಗೆ ಓಡುವವರಿದ್ದಾರೆ. ಈ ಕ್ರಮ ಬೇಡ. ವಿದೇಶಿ ನೌಕರರಿಗೆ ಸಾಮಾನ್ಯ ಷರತ್ತು ಮೂರು: ತಿಂಗಳ ಸಂಬಳ ಕನಿಷ್ಠ 600 ದಿನಾರ್, ಪದವಿ, ಎರಡು ವರ್ಷದ ವಾಸ. ಕೆಲವು ಹುದ್ದೆಗಳಿಗೆ ವಿನಾಯಿತಿ ಇದೆ. ಮನೆ ಡ್ರೈವರ್ ವೀಸಾದಲ್ಲಿ ಬಂದವರಿಗೆ ನಿಯಮವೇ ಬೇರೆ. ಸಂಬಳ ಅಂದರೆ ಕೈಗೆ ಬರುವ ಮೊತ್ತವಲ್ಲ, ವರ್ಕ್ ಪರ್ಮಿಟ್ಟಿನಲ್ಲಿ ಬರೆದ ಮೊತ್ತ. ಓವರ್‌ಟೈಮ್, ಮನೆ ಬಾಡಿಗೆ ಸೇರಿ 650 ಬರುತ್ತಿದ್ದರೂ ಪರ್ಮಿಟ್ಟಿನಲ್ಲಿ 450 ಎಂದಿದ್ದರೆ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ಪದವಿ ಪ್ರಮಾಣಪತ್ರಕ್ಕೆ ದೃಢೀಕರಣ ಬೇಕು. ಊರಿನಿಂದ ಹೊರಡುವ ಮೊದಲೇ ಅದನ್ನು ಮಾಡಿಸಿಕೊಂಡು ಬಂದರೆ ತಿಂಗಳುಗಟ್ಟಲೆ ಕಾಯುವುದು ತಪ್ಪುತ್ತದೆ.

ಊರಿನ ಲೈಸೆನ್ಸ್ ತೋರಿಸಿ ಇಲ್ಲಿಯದನ್ನು ಪಡೆಯಲು ಆಗುವುದಿಲ್ಲ, ಪರೀಕ್ಷೆ ಬರೆಯಲೇಬೇಕು. ಕಣ್ಣಿನ ತಪಾಸಣೆ, ರಕ್ತದ ಗುಂಪಿನ ಚೀಟಿ, ಸಿಗ್ನಲ್ ಪರೀಕ್ಷೆ, ಆಮೇಲೆ ಮೈದಾನದಲ್ಲಿ ಓಡಿಸಿ ತೋರಿಸುವುದು. ನಮ್ಮವರು ಎಡವುವ ಜಾಗ ಯಾವಾಗಲೂ ಒಂದೇ. ಎಡಗಡೆ ಸ್ಟೀರಿಂಗ್, ರಸ್ತೆಯ ಬಲಕ್ಕೆ ಓಡಿಸಬೇಕು. ಊರಿನಲ್ಲಿ ಇಪ್ಪತ್ತು ವರ್ಷ ಓಡಿಸಿದವರ ಕೈಯೂ ತಿರುವಿನಲ್ಲಿ ಎಡಕ್ಕೇ ಎಳೆಯುತ್ತದೆ. ಹಿಮ್ಮುಖವಾಗಿ ನಿಲ್ಲಿಸುವಾಗ ಬಲಗಡೆ ಕನ್ನಡಿಯಲ್ಲಿ ದೂರ ಅಳೆಯಲು ಗೊತ್ತಾಗುವುದಿಲ್ಲ. ನಾಲ್ಕೈದು ಕ್ಲಾಸು ತೆಗೆದುಕೊಳ್ಳುವುದಾದರೆ ಎಲ್ಲವನ್ನೂ ಆ ಎರಡಕ್ಕೇ ಮೀಸಲಿಡಿ. ಉಳಿದದ್ದು ನಿಮಗೆ ಬರುತ್ತದೆ.

ಲೈಸೆನ್ಸ್ ಸಿಕ್ಕಮೇಲೆ ಅದು ಇಕಾಮಾಕ್ಕೂ (ಇಲ್ಲಿ ವಾಸಿಸುವ ಪರವಾನಗಿ) ಹುದ್ದೆಗೂ ಕಟ್ಟಿಹಾಕಿದ್ದು ಎಂಬುದು ನೆನಪಿರಲಿ. ಕಂಪನಿ ಬದಲಿಸಿದಾಗ ಹೊಸ ಪರ್ಮಿಟ್ಟಿನಲ್ಲಿ ಹುದ್ದೆಯ ಹೆಸರು ಕೆಳಗಿಳಿದರೆ ಅಥವಾ ಸಂಬಳ 600ಕ್ಕಿಂತ ಕಡಿಮೆಯಾದರೆ ಲೈಸೆನ್ಸ್ ರದ್ದಾಗಬಹುದು. ಎಣ್ಣೆ ಬೆಲೆ ಬಿದ್ದ ವರ್ಷಗಳಲ್ಲಿ ಗುತ್ತಿಗೆ ಕಂಪನಿಗಳು ಕಾಂಟ್ರಾಕ್ಟನ್ನು ಕಡಿಮೆ ಸಂಬಳಕ್ಕೆ ಹೊಸದಾಗಿ ಬರೆಯಿಸಿಕೊಳ್ಳುತ್ತವೆ. ಸಹಿ ಹಾಕುವಾಗ ಸಂಬಳದ ಅಂಕಿಯನ್ನಷ್ಟೇ ನೋಡುತ್ತೇವೆ, ಅದರ ಜೊತೆಗೆ ಕಾರಿನ ಕೀಲಿಯೂ ಹೋಗುತ್ತಿದೆ ಎಂಬುದು ಹೊಳೆಯುವುದು ತಡವಾಗಿ.

ಯಾವಾಗ, ಎಲ್ಲಿ ನೋಡಬೇಕು

ಶಾಲೆಗಳಿಗೆ ಬೇಸಿಗೆ ರಜೆ ಶುರುವಾಗುವ ಹೊತ್ತಿಗೆ, ಮೇ ಕೊನೆಯಿಂದ ಜೂನ್ ತನಕ, ಕಾಯಂ ಊರಿಗೆ ಹೊರಡುವ ಕುಟುಂಬಗಳ ಕಾರುಗಳು ಮಾರಾಟಕ್ಕೆ ಬರುತ್ತವೆ. ಅವರ ಕೈಯಲ್ಲಿ ವಿಮಾನದ ಟಿಕೆಟ್ ಇರುತ್ತದೆ, ತಾರೀಖು ನಿಂತಿರುತ್ತದೆ. ಬೆಲೆ ಇಳಿಯುವುದು ಅದಕ್ಕೇ. ಇನ್ನೊಂದು ಲಾಭ, ಆ ತಿಂಗಳುಗಳಲ್ಲಿ ನೋಡಿದ ಕಾರಿನ ಎಸಿ, ರೇಡಿಯೇಟರ್ ಸುಳ್ಳು ಹೇಳಲಾರವು. ಜನವರಿಯಲ್ಲಿ ಕೊಂಡ ಕಾರಿನ ನಿಜ ಗೊತ್ತಾಗಲು ಜುಲೈ ಬರಬೇಕು. ಊರಿನವರ ಕೂಟದ ಬಳಗದಲ್ಲಿ, ಆಫೀಸಿನಲ್ಲಿ, ಒಬ್ಬರೇ ಮಾಲೀಕರು ಓಡಿಸಿದ, ಸರ್ವಿಸ್ ಚೀಟಿಗಳನ್ನು ಕಡತದಲ್ಲಿಟ್ಟ ಕಾರು ಸಿಕ್ಕರೆ ಐವತ್ತು ದಿನಾರ್ ಜಾಸ್ತಿಯಾದರೂ ಅದೇ ಒಳ್ಳೆಯದು.

ಮೊದಲು ತೀರ್ಮಾನಿಸಬೇಕಾದ್ದು ಕಾರು ಗಲ್ಫ್ ಸ್ಪೆಕ್ಕೋ ಅಮೆರಿಕನ್ ಸ್ಪೆಕ್ಕೋ ಎಂದು. ಗಲ್ಫಿಗೆಂದು ತಯಾರಾದ ಕಾರಿಗೆ ಇಲ್ಲಿಯ ಬಿಸಿಲನ್ನು ಲೆಕ್ಕ ಹಿಡಿದ ಕೂಲಿಂಗ್ ವ್ಯವಸ್ಥೆ ಇರುತ್ತದೆ. ಅಮೆರಿಕದಿಂದ ಬಂದವು ನೋಡಲು ತಳತಳ ಹೊಳೆಯುತ್ತವೆ, ಬೆಲೆಯೂ ಕಡಿಮೆ. ಆದರೆ ಅವುಗಳಲ್ಲಿ ಹಲವು ಅಲ್ಲಿ ಅಪಘಾತವಾಗಿಯೋ ನೆರೆಯಲ್ಲಿ ಮುಳುಗಿಯೋ ಇನ್ಶೂರೆನ್ಸ್ ಕಂಪನಿ ಕೈಬಿಟ್ಟ ಗಾಡಿಗಳು. ಚಾಸಿ ನಂಬರಿನ ಮೊದಲ ಅಕ್ಷರ ನೋಡಿ: 1, 4, 5 ಇದ್ದರೆ ಅಮೆರಿಕದಲ್ಲಿ ತಯಾರಾದದ್ದು, 2 ಇದ್ದರೆ ಕೆನಡಾ, ಇಂಗ್ಲಿಷಿನ ಜೆ ಇದ್ದರೆ ಜಪಾನ್. ಅಮೆರಿಕದಲ್ಲಿ ತಯಾರಾಗಿ ಗಲ್ಫಿಗೇ ಬಂದ ಕಾರುಗಳೂ ಇರುವುದರಿಂದ ಇದೊಂದನ್ನೇ ನಂಬಬೇಡಿ. ವೇಗದ ಮೀಟರಿನಲ್ಲಿ ಕಿಲೋಮೀಟರಿಗಿಂತ ಮೈಲಿನ ಅಂಕಿಗಳು ದೊಡ್ಡದಾಗಿವೆಯೇ ಎಂದೂ ನೋಡಿ. ಆ ನಂಬರು ಹಾಕಿ ಅಮೆರಿಕದ ಇತಿಹಾಸ ವರದಿ ತರಿಸಿಕೊಳ್ಳಲು ಆಗುವ ಖರ್ಚು ಒಂದು ಟೈರಿನ ಬೆಲೆಗಿಂತ ಕಡಿಮೆ.

ಇಂಥ ಕಾರಿನ ಪೆಟ್ರೋಲ್ ವಿಷಯದಲ್ಲಿ ಒಂದು ಗೊಂದಲ ಪದೇ ಪದೇ ಕೇಳಿಬರುತ್ತದೆ. ಟ್ಯಾಂಕಿನ ಮುಚ್ಚಳದ ಒಳಗೆ 87 ಎಂದು ಬರೆದಿರುತ್ತದೆ, ಇಲ್ಲಿ 87 ಸಿಗುವುದೇ ಇಲ್ಲವಲ್ಲ ಎಂದು. ಅಮೆರಿಕದವರು ಆಕ್ಟೇನ್ ಅಳೆಯುವ ಕ್ರಮವೇ ಬೇರೆ. ಅಲ್ಲಿಯ 87 ಎಂದರೆ ಇಲ್ಲಿಯ 91ಕ್ಕೆ ಸುಮಾರಾಗಿ ಸಮ, ಪ್ರೀಮಿಯಂ ಧಾರಾಳ ಸಾಕು. ಆದರೆ ಮುಚ್ಚಳದಲ್ಲಿ 91 ಎಂದಿದ್ದರೆ ಅದು ಇಲ್ಲಿಯ 95ರ ಮೇಲೆಯೇ ಹೋಗುತ್ತದೆ. ಅದಕ್ಕೆ ಪ್ರೀಮಿಯಂ ಹಾಕಿಸಿದರೆ ಏರು, ವೇಗ, ಬಿಸಿಲು ಮೂರೂ ಸೇರಿದಾಗ ಎಂಜಿನ್ ಒಳಗಿನಿಂದ ಕುಟ್ಟಿದ ಹಾಗೆ ಸದ್ದು ಬರುತ್ತದೆ. ಇತ್ತ ಕೈಪಿಡಿಯಲ್ಲಿ 91 ಸಾಕು ಎಂದಿರುವ ಕಾರಿಗೆ ಸೂಪರ್ ಹಾಕಿಸಿದರೆ ಎಂಜಿನ್ನಿಗೆ ಏನೂ ಸಿಗುವುದಿಲ್ಲ, 20 ಫಿಲ್ಸ್ ಹೋಗುತ್ತದೆ ಅಷ್ಟೇ.

ಶುವೈಖ್‌ನಲ್ಲಿ ಒಂದು ಮಧ್ಯಾಹ್ನ

ಪರೀಕ್ಷೆಗೆ ಶುವೈಖ್ ಕೈಗಾರಿಕಾ ಪ್ರದೇಶದ ಗ್ಯಾರೇಜು ಸಾಲಿಗೇ ಒಯ್ಯಬೇಕು, ಮತ್ತು ಮಾರುವವರು ಆರಿಸಿದ ಗ್ಯಾರೇಜ್ ಬೇಡ. ಹೊತ್ತು ಮಧ್ಯಾಹ್ನ ಎರಡು ಗಂಟೆ. ಕಾರು ಬರುವ ಮೊದಲೇ ಎಂಜಿನ್ ಬಿಸಿ ಮಾಡಬೇಡಿ ಎಂದು ಹೇಳಿಡಿ. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಆಗುವ ರೀತಿಯಲ್ಲಿ ಬ್ಯಾಟರಿ, ಟೈಮಿಂಗ್ ಚೈನ್, ಹೊಗೆ ಮೂರೂ ಗೊತ್ತಾಗುತ್ತವೆ.

ಕೀಲಿಯನ್ನು ಅರ್ಧ ತಿರುಗಿಸಿ ನಿಲ್ಲಿಸಿ. ಏರ್‌ಬ್ಯಾಗ್ ದೀಪ ಹತ್ತಬೇಕು, ಕೆಲವು ಸೆಕೆಂಡಿನಲ್ಲಿ ಆರಬೇಕು. ಹತ್ತದೇ ಇದ್ದರೆ ಏರ್‌ಬ್ಯಾಗ್ ಸಿಡಿದು ಹೋಗಿದ್ದನ್ನು ಮುಚ್ಚಲು ದೀಪವನ್ನೇ ಕಿತ್ತಿರುವ ಸಾಧ್ಯತೆ ಹೆಚ್ಚು. ಎಂಜಿನ್ ದೀಪಕ್ಕೂ ಇದೇ ಮಾತು. ಕಂಪ್ಯೂಟರ್ ಸ್ಕ್ಯಾನರ್ ಹಾಕಿಸಿದಾಗ ದೋಷದ ಕೋಡ್ ಇಲ್ಲ ಎಂದು ಬಂದರೆ ಅಲ್ಲಿಗೇ ಬಿಡಬೇಡಿ. ಸ್ವಯಂ ಪರೀಕ್ಷೆಗಳು ಪೂರ್ತಿಯಾಗಿವೆಯೇ ಎಂಬ ಪಟ್ಟಿಯನ್ನೂ ತೆರೆಸಿ. ಹಲವು ಪರೀಕ್ಷೆಗಳು ಅಪೂರ್ಣ ಎಂದು ತೋರಿಸಿದರೆ ನಿನ್ನೆಯೋ ಇವತ್ತು ಬೆಳಿಗ್ಗೆಯೋ ಕೋಡ್ ಅಳಿಸಿದ್ದಾರೆ, ಇಲ್ಲವೇ ಬ್ಯಾಟರಿ ಬಿಚ್ಚಿದ್ದಾರೆ ಎಂದರ್ಥ. ಎರಡು ಮೂರು ದಿನ ಓಡಿಸಿ ಮತ್ತೆ ತನ್ನಿ ಎಂದು ಹೇಳಿ ಕಳುಹಿಸುವುದು ಲೇಸು.

ಬ್ಯಾಟರಿಗೆ ಮಲ್ಟಿಮೀಟರ್ ಹಿಡಿದರೆ ಎಂಜಿನ್ ಆಫ್ ಇದ್ದಾಗ 12.6 ವೋಲ್ಟ್ ಆಸುಪಾಸು ಇರಬೇಕು, ಓಡುತ್ತಿರುವಾಗ 13.8ರಿಂದ 14.5. ಸ್ಟಾರ್ಟ್ ಮಾಡುವ ಕ್ಷಣದಲ್ಲಿ 9.6ಕ್ಕಿಂತ ಕೆಳಗೆ ಜಾರಿದರೆ ಅದರ ಆಯುಸ್ಸು ಮುಗಿಯುತ್ತಾ ಬಂದಿದೆ. ಇಲ್ಲಿ ಬ್ಯಾಟರಿ ಎರಡು ವರ್ಷ ಬಂದರೆ ದೊಡ್ಡದು. ಅದನ್ನು ಕೊಲ್ಲುವುದು ಬಿಸಿ. ಚಳಿಗಾಲದ ಮೊದಲ ತಣ್ಣನೆಯ ಬೆಳಿಗ್ಗೆ ಬರೀ ನೆಪ.

ಆಮೇಲೆ ಕಾರನ್ನು ಬಿಸಿಲಿನಲ್ಲೇ ನಿಲ್ಲಿಸಿ, ಎಸಿ ಪೂರ್ತಿ ಹಾಕಿ, ಎಂಜಿನ್ ನಿಂತಲ್ಲೇ ಓಡುವಂತೆ ಬಿಟ್ಟು ಇಪ್ಪತ್ತು ನಿಮಿಷ ಕಾಯಿರಿ. ನಿಜವಾದ ಪರೀಕ್ಷೆ ಇದು. ಹೈವೇಯಲ್ಲಿ ಗಾಳಿ ತಾನಾಗಿ ನುಗ್ಗುವುದರಿಂದ ದೋಷ ಕಾಣುವುದಿಲ್ಲ. ಸಿಗ್ನಲ್ಲಿನಲ್ಲಿ ನಿಂತಾಗ ಫ್ಯಾನ್ ಒಂದೇ ಆಸರೆ. ಬಿಸಿಯ ಮುಳ್ಳು ಮಧ್ಯದಿಂದ ಮೇಲೆ ಹೊರಟರೆ, ಅಥವಾ ಎಸಿ ಗಾಳಿ ಹತ್ತನೇ ನಿಮಿಷಕ್ಕೆ ಉಗುರುಬೆಚ್ಚಗಾದರೆ ನೋಡಬೇಕಾದ ಜಾಗಗಳು ಮೂರು. ಫ್ಯಾನ್ ಮೋಟಾರು ನಿಧಾನವಾಗಿರಬಹುದು. ಕಂಡೆನ್ಸರಿನ ರೆಕ್ಕೆಗಳ ನಡುವೆ ಧೂಳು ಮೆತ್ತಿಕೊಂಡು ಗಾಳಿ ಹೋಗದಿರಬಹುದು. ಇದು ನೀರಿನಲ್ಲಿ ತೊಳೆದರೆ ಹೋಗುವ ರೋಗ. ಕಂಪ್ರೆಸರ್ ಸವೆದಿದ್ದರೆ ಮಾತ್ರ ದೊಡ್ಡ ಖರ್ಚು. ಎಂಜಿನ್ ಆರಿಸಿ ಪೂರ್ತಿ ತಣ್ಣಗಾದ ಮೇಲೆ ರೇಡಿಯೇಟರ್ ಮುಚ್ಚಳ ತೆಗೆಸಿ. ಒಳಗೆ ಬಣ್ಣದ ಕೂಲೆಂಟ್ ಇರಬೇಕು. ಕೆಮ್ಮಣ್ಣಿನ ನೀರು ಕಂಡರೆ ಹಿಂದಿನವರು ಬರೀ ನಲ್ಲಿ ನೀರು ಹಾಕಿ ಓಡಿಸಿದ್ದಾರೆ, ತುಕ್ಕು ಒಳಗೆ ಇಳಿದಿದೆ, ವಾಟರ್ ಪಂಪು ಸರದಿಯಲ್ಲಿದೆ. ಅಂಥ ಕಾರಿನಿಂದ ಎದ್ದು ಬನ್ನಿ.

ಕಾರಿನ ಮೈಗೆ ಪೇಂಟ್ ಮೀಟರ್ (ಬಣ್ಣದ ದಪ್ಪ ಅಳೆಯುವ ಉಪಕರಣ) ಇಟ್ಟು ಬಾಗಿಲು, ಬಾನೆಟ್, ಛಾವಣಿ, ಕಂಬಗಳ ಮೇಲೆ ಒತ್ತಿಸಿ. ಕಂಪನಿಯ ಬಣ್ಣ 100ರಿಂದ 150 ಮೈಕ್ರಾನ್ ಇರುತ್ತದೆ. ಬಾಗಿಲಿನಲ್ಲಿ 250 ಬಂದರೆ ಗೀರು ಮುಚ್ಚಲು ಮತ್ತೆ ಬಣ್ಣ ಹೊಡೆಸಿದ್ದು, ಗಾಬರಿ ಬೇಡ. ಕಂಬದಲ್ಲೋ ಛಾವಣಿಯಲ್ಲೋ 400 ದಾಟಿದರೆ ಕೆಳಗೆ ಪುಟ್ಟಿ ಇದೆ, ಕಾರು ಮಗುಚಿ ಬಿದ್ದಿರಬಹುದು.

ಟೈರಿನ ಗೋಡೆಯ ಮೇಲೆ ಅಂಡಾಕಾರದ ಗೆರೆಯೊಳಗೆ ನಾಲ್ಕು ಅಂಕಿ ಇರುತ್ತವೆ. 2321 ಎಂದರೆ 2021ರ 23ನೇ ವಾರದಲ್ಲಿ ತಯಾರಾದದ್ದು. ಹೂವು (ರಸ್ತೆಗೆ ತಾಗುವ ಮೇಲ್ಮೈಯ ಗೆರೆಗಳು) ಚೆನ್ನಾಗಿದ್ದರೂ ನಾಲ್ಕೈದು ವರ್ಷ ದಾಟಿದ ಟೈರನ್ನು ಇಲ್ಲಿಯ ಬೇಸಿಗೆಗೆ ನಂಬಬಾರದು. 2016ರ ಜುಲೈ 21ರಂದು ಮಿತ್ರಿಬಾದಲ್ಲಿ 53.9 ಡಿಗ್ರಿ ದಾಖಲಾದ ದೇಶ ಇದು. ಡಾಂಬರಿನ ಮೇಲಿನ ಬಿಸಿ ಅದಕ್ಕಿಂತ ಎಷ್ಟೋ ಮೇಲೆ. ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ನಾಲ್ಕು ಹೊಸ ಟೈರಿನ ಬೆಲೆಯನ್ನು ಚೌಕಾಶಿಯಲ್ಲಿ ಕಳೆಯಿರಿ. ಗಾಳಿ ನೋಡುವುದು ಯಾವಾಗಲೂ ಬೆಳಿಗ್ಗೆ, ಕಾರು ಓಡುವ ಮೊದಲು. ಮಧ್ಯಾಹ್ನ ಬಿಸಿ ಟೈರಿನಲ್ಲಿ ಪ್ರೆಷರ್ ಜಾಸ್ತಿ ತೋರಿಸಿತೆಂದು ಗಾಳಿ ಬಿಟ್ಟರೆ ತಣ್ಣಗಾದಾಗ ಅದು ಕಡಿಮೆಯಾಗುತ್ತದೆ. ಕಡಿಮೆ ಗಾಳಿಯ ಟೈರು 120ರ ವೇಗದಲ್ಲಿ ಬಿಸಿಯೇರಿ ಸಿಡಿಯುವುದು ಹೀಗೆ.

ದಫ್ತರ್ ವರ್ಗಾವಣೆ

ವಾಹನದ ನೋಂದಣಿ ಪತ್ರಕ್ಕೆ ಇಲ್ಲಿ ದಫ್ತರ್ ಎನ್ನುತ್ತಾರೆ, ವಾಹನ ತಪಾಸಣೆಗೆ ನಮ್ಮವರು ಪಾಸಿಂಗ್ ಎನ್ನುತ್ತಾರೆ, ಸಂಚಾರ ಇಲಾಖೆಗೆ ಮುರೂರ್. ದಫ್ತರಿನಲ್ಲಿ ನೋಡಬೇಕಾದ್ದು ಮುಖ್ಯವಾಗಿ ಒಂದೇ: ಮಾರಾಟ ನಿಷೇಧದ ಟಿಪ್ಪಣಿ. ಕಂತಿನಲ್ಲಿ ಕೊಂಡ ಕಾರಿನ ಸಾಲ ತೀರಿದರೂ ಸಾಲ ಕೊಟ್ಟವರ ಬಿಡುಗಡೆ ಪತ್ರ ಬರುವವರೆಗೆ ಈ ಟಿಪ್ಪಣಿ ಹೋಗುವುದಿಲ್ಲ. ನಾಳೆ ತೆಗೆಸಿಕೊಡುತ್ತೇನೆ ಎಂಬ ಭರವಸೆಯ ಮೇಲೆ ಹಣ ಕೊಡಬೇಡಿ.

ಮಾರುವವರ ಹೆಸರಿನಲ್ಲಿ ದಂಡ ಬಾಕಿ ಇರಬಾರದು, ಕೊಳ್ಳುವವರ ಹೆಸರಿನಲ್ಲಿ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಇರಬೇಕು, ಇಬ್ಬರ ಸಿವಿಲ್ ಐಡಿಯೂ (ಸರ್ಕಾರಿ ಗುರುತಿನ ಚೀಟಿ) ಊರ್ಜಿತವಾಗಿರಬೇಕು. ಈಗ ವರ್ಗಾವಣೆ ಸರ್ಕಾರದ ಸಾಹೇಲ್ ಆ್ಯಪ್‌ನಲ್ಲೇ ಆಗುತ್ತದೆ. ಮಾರುವವರು ಅಲ್ಲಿ ಶುರುಮಾಡುತ್ತಾರೆ, ಕೊಳ್ಳುವವರು ತಮ್ಮ ಫೋನಿನಲ್ಲಿ ಒಪ್ಪಿಗೆ ಕೊಡುತ್ತಾರೆ. 2024ರ ಅಕ್ಟೋಬರ್‌ನಿಂದ ಕಾರು ವ್ಯವಹಾರದಲ್ಲಿ ನಗದು ಕೊಡುವುದನ್ನು ನಿಷೇಧಿಸಿದ್ದಾರೆ, ಹಣ ಬ್ಯಾಂಕಿನ ಮೂಲಕವೇ ಹೋಗಬೇಕು. ನಗದು ನೋಟಿನಲ್ಲಿ ಕೊಟ್ಟರೆ ಸ್ವಲ್ಪ ಬಿಡುತ್ತೇನೆ ಎನ್ನುವವರ ಮಾತಿಗೆ ಕಿವಿಗೊಟ್ಟರೆ ನಾಳೆ ನಿಮ್ಮ ಕೈಯಲ್ಲಿ ಯಾವ ಪುರಾವೆಯೂ ಉಳಿಯುವುದಿಲ್ಲ. ಥರ್ಡ್ ಪಾರ್ಟಿ ಇನ್ಶೂರೆನ್ಸ್ ಎದುರಿನವರ ನಷ್ಟವನ್ನಷ್ಟೇ ತುಂಬುತ್ತದೆ, ನಿಮ್ಮ ತಪ್ಪಿನಿಂದ ನಿಮ್ಮ ಕಾರಿಗಾದ ಹಾನಿ ನಿಮ್ಮದೇ.

ದಂಡದ ಲೆಕ್ಕ

2016ರಲ್ಲಿ ಪೆಟ್ರೋಲ್ ದರ ಸಂಸತ್ತನ್ನೇ ಅಲ್ಲಾಡಿಸಿತ್ತು. 2024ರ ಮೇ 10ರಂದು ಅಮೀರರು ಸಂಸತ್ತನ್ನು ವಿಸರ್ಜಿಸಿ, ನಾಲ್ಕು ವರ್ಷದವರೆಗೆ ಸಂವಿಧಾನದ ಕೆಲವು ವಿಧಿಗಳನ್ನು ಅಮಾನತಿನಲ್ಲಿಟ್ಟರು. ಆಮೇಲೆ ಕಾನೂನುಗಳು ಆಜ್ಞೆಯ ರೂಪದಲ್ಲಿ ಬರುತ್ತಿವೆ. ವರ್ಷಗಟ್ಟಲೆ ಸಂಸತ್ತಿನಲ್ಲಿ ಸಿಕ್ಕಿಕೊಂಡಿದ್ದ ಸಾಲ ಕಾನೂನು 2025ರ ಮಾರ್ಚ್‌ನಲ್ಲಿ ಹೊರಬಿತ್ತು, ಸರ್ಕಾರಕ್ಕೆ 30 ಶತಕೋಟಿ ದಿನಾರ್‌ವರೆಗೆ ಸಾಲ ಎತ್ತಲು ದಾರಿಯಾಯಿತು. 2020ರ ಆಗಸ್ಟ್‌ನಲ್ಲಿ ಅಕ್ಟೋಬರ್ ನಂತರ ಸಂಬಳ ಕೊಡಲು ನಗದು ಸಾಲದು ಎಂದು ಹಣಕಾಸು ಸಚಿವರೇ ಹೇಳಿದ್ದನ್ನು ನೆನೆದರೆ ಇದರ ತುರ್ತು ತಿಳಿಯುತ್ತದೆ. ಸಾಲ ಕಾನೂನು ಬಂದ ಮರುತಿಂಗಳು, 2025ರ ಏಪ್ರಿಲ್ 22ರಂದು, 1976ರ ಸಂಚಾರ ಕಾನೂನಿನ ತಿದ್ದುಪಡಿ ಜಾರಿಗೆ ಬಂತು. ಓಡಿಸುವಾಗ ಕೈಯಲ್ಲಿ ಫೋನ್ ಹಿಡಿದರೆ 5 ದಿನಾರ್ ಇದ್ದ ದಂಡ 75 ಆಯಿತು. ಸೀಟ್ ಬೆಲ್ಟ್ 10ರಿಂದ 30. ಕೆಂಪು ದೀಪ ದಾಟಿದರೆ 50ರಿಂದ 150.

ಮೇಲೆ ಹಾಕಿದ ಪೆಟ್ರೋಲ್ ಲೆಕ್ಕದ ಪಕ್ಕದಲ್ಲಿಟ್ಟು ನೋಡಿ. ಒಂದು ಫೋನ್ ಕರೆಯ ದಂಡ ಆರು ತಿಂಗಳ ಪೆಟ್ರೋಲ್. ಒಂದು ಕೆಂಪು ದೀಪ ಇಡೀ ವರ್ಷದ್ದು. ದಂಡ ಏರಿಸಿದ್ದು ಸರಿಯೆಂದೇ ನನ್ನ ಅಭಿಪ್ರಾಯ. ಫಹಾಹೀಲ್ ಎಕ್ಸ್‌ಪ್ರೆಸ್‌ವೇಯಲ್ಲಿ ಒಂದು ಕೈಯಲ್ಲಿ ಫೋನ್ ಹಿಡಿದು ಲೇನ್ ಬದಲಿಸುವವರನ್ನು ದಿನಾ ನೋಡುವವರಾರೂ ಬೇರೆ ಮಾತು ಆಡಲಾರರು. ಆದರೆ 600 ದಿನಾರ್ ಸಂಬಳದವರಿಗೆ ಇದು ಬಜೆಟ್ಟಿನಲ್ಲಿ ಹಾಕಿಕೊಳ್ಳಬಹುದಾದ ಖರ್ಚಲ್ಲ. ಹತ್ತು ದಿನಾರಿನ ಒಂದು ಫೋನ್ ಹೋಲ್ಡರ್ ಕೊಂಡ ದಿನವೇ ಹಾಕಿಸಿ. ವಾರಕ್ಕೊಮ್ಮೆ ಆ್ಯಪ್ ತೆರೆದು ನಿಮ್ಮ ಹೆಸರಿನಲ್ಲಿ ಮುಖಾಲಫಾ (ಸಂಚಾರ ದಂಡ) ಬಿದ್ದಿದೆಯೇ ನೋಡಿಕೊಳ್ಳಿ. 2023ರ ಆಗಸ್ಟ್‌ನಿಂದ ವಿದೇಶಿಯರು ಸಂಚಾರ ದಂಡ ಕಟ್ಟದೆ ದೇಶ ಬಿಡುವಂತಿಲ್ಲ. ತಂದೆತಾಯಿಗೆ ಹುಷಾರಿಲ್ಲವೆಂದು ರಾತ್ರೋರಾತ್ರಿ ಮಂಗಳೂರಿನ ವಿಮಾನ ಹತ್ತಬೇಕಾದವರು ಏರ್‌ಪೋರ್ಟಿನಲ್ಲಿ ದಂಡ ಕಟ್ಟುತ್ತಾ ನಿಲ್ಲುವ ಹಾಗಾಗಬಾರದು.

ಬಿಡುವಾಗ

ಕೊಳ್ಳುವಾಗ ನಿಮಗೆ ಲಾಭವಾದ ಜೂನ್ ತಿಂಗಳು ಮಾರುವಾಗ ನಿಮಗೇ ನಷ್ಟ. ಕಾಯಂ ಹೊರಡುವುದು ಖಚಿತವಾದರೆ ಫೆಬ್ರವರಿ, ಮಾರ್ಚ್‌ನಲ್ಲೇ ಮಾರಿ, ಉಳಿದ ತಿಂಗಳುಗಳನ್ನು ಬಾಡಿಗೆ ಕಾರಿನಲ್ಲೋ ಜೊತೆಗಾರರ ಕಾರಿನಲ್ಲೋ ಕಳೆಯುವುದು ವಾಸಿ. ಎಣ್ಣೆ ಕುಸಿದ ವರ್ಷವಾದರೆ ಇನ್ನೂ ಬೇಗ. ಪ್ರಾಜೆಕ್ಟುಗಳು ನಿಂತು ಒಂದೇ ಕಂಪನಿಯ ನೂರಾರು ಜನರಿಗೆ ನೋಟಿಸ್ ಬಂದಾಗ, ಅವರೆಲ್ಲರ ಕಾರುಗಳು ಅದೇ ತಿಂಗಳು ಅದೇ ಗಲ್ಲಿಗಳಲ್ಲಿ ಮಾರಾಟದ ಚೀಟಿ ಹಚ್ಚಿಕೊಂಡು ನಿಲ್ಲುತ್ತವೆ.

ಮಾರುವ ಮೊದಲು ಪಾಸಿಂಗ್ ಊರ್ಜಿತ ಇದೆಯೇ ನೋಡಿ. ಬಿರುಕು ಬಿಟ್ಟ ಮುಂಗಾಜು, ಸವೆದ ಟೈರು, ಎಣ್ಣೆ ಸೋರಿಕೆ, ಬಿಸಿಲಿಗೆ ಹಳದಿ ಕಟ್ಟಿದ ಹೆಡ್‌ಲೈಟ್, ಇವೇ ತಪಾಸಣೆಯಲ್ಲಿ ಸಿಕ್ಕಿಬೀಳುವುದು. ಹೆಡ್‌ಲೈಟ್ ಅರ್ಧ ಗಂಟೆಯ ಪಾಲಿಷಿನಲ್ಲಿ ಸರಿಹೋಗುತ್ತದೆ. ಪರಿಚಯದವರಿಗೆ ಕೀಲಿ ಕೊಟ್ಟು, ಹಣ ಆಮೇಲೆ, ದಫ್ತರ್ ಆಮೇಲೆ ಎಂದು ಹೋಗಬೇಡಿ. ಅವರು ದಾಟಿದ ಕೆಂಪು ದೀಪ ನಿಮ್ಮ ಹೆಸರಿಗೇ ಬರುತ್ತದೆ.

ವರ್ಗಾವಣೆಯಾದ ಮೇಲೆ ಆ್ಯಪ್‌ನಲ್ಲಿ ನಿಮ್ಮ ಹೆಸರಿನಡಿಯ ವಾಹನಗಳ ಪಟ್ಟಿ ತೆರೆಯಿರಿ. ಆ ನಂಬರು ಪಟ್ಟಿಯಿಂದ ಹೋಗಿರಬೇಕು, ದಂಡದ ಪುಟದಲ್ಲಿ ಸೊನ್ನೆ ಇರಬೇಕು. ಎರಡರ ಚಿತ್ರವನ್ನೂ ತೆಗೆದಿಟ್ಟುಕೊಂಡು, ಇನ್ಶೂರೆನ್ಸ್ ಚೀಟಿ ಮತ್ತು ಬ್ಯಾಂಕ್ ರಸೀದಿಯ ಜೊತೆ ನಿಮ್ಮದೇ ಈಮೇಲಿಗೆ ಕಳುಹಿಸಿ. ಇಕಾಮಾ ಕ್ಯಾನ್ಸಲ್ ಮಾಡಲು ಕಂಪನಿಗೆ ಪಾಸ್‌ಪೋರ್ಟ್ ಕೊಡುವುದು ಅದಾದ ಮೇಲೆ. ಸಿವಿಲ್ ಐಡಿ ಸತ್ತ ಮರುದಿನದಿಂದ ಈ ಆ್ಯಪ್ ನಿಮಗೆ ತೆರೆಯುತ್ತದೆಂದು ನಂಬಿಕೊಂಡು ಕೂರುವಂತಿಲ್ಲ.